ಪಿನಾ ಕೊಲಾಡಾ: ಕೆಲಸ ಶುರುವಾಗುವುದು ಹಿಂದಿನ ರಾತ್ರಿ

ಎಲ್ಲ ಕೇಳುಗರಿಗೂ ನಮಸ್ಕಾರ.

ಇವತ್ತು ನಾನು ಮಾತಾಡಲು ಬಂದಿರುವುದು ಒಂದು ಪಾನೀಯದ ಬಗ್ಗೆ. ಅನಾನಸ್, ತೆಂಗಿನಕಾಯಿ, ರಮ್. ಈ ಮೂರನ್ನೂ ಐಸಿನ ಜೊತೆ ಬ್ಲೆಂಡರಿನಲ್ಲಿ ಅರೆದು, ಲೋಟಕ್ಕೆ ಹಾಕಿದರೆ ಗುಡ್ಡೆಯಾಗಿ ನಿಲ್ಲುವ ಹಾಗೆ ಮಾಡುವ ಪಿನಾ ಕೊಲಾಡಾ. ಮದ್ಯ ಮುಟ್ಟದವರು ದಯವಿಟ್ಟು ರೇಡಿಯೋ ಆರಿಸಬೇಡಿ. ರಮ್ ಇಲ್ಲದೆ ಮಾಡುವುದನ್ನೂ ಹೇಳುತ್ತೇನೆ. ಅದಕ್ಕೆ ಬೇರೆಯೇ ಲೆಕ್ಕ ಇದೆ.

ಮೊದಲ ಸಲ ಮನೆಯಲ್ಲಿ ಇದನ್ನು ಮಾಡಿದಾಗ ನನಗೆ ಸಿಕ್ಕಿದ್ದು ಒಂದು ಲೋಟ ಬಿಳಿ ನೀರು. ಮೇಲೆ ಒಂದಿಷ್ಟು ನೊರೆ, ಕೆಳಗೆ ತೆಳ್ಳಗಿನ ರಸ, ನಡುವೆ ಅಲ್ಲಲ್ಲಿ ಮೇಣದ ಚೂರಿನ ಹಾಗೆ ತೇಲುವ ಬಿಳಿ ಕಾಳುಗಳು. ಹಣ್ಣು ಚೆನ್ನಾಗಿತ್ತು, ರಮ್ ಚೆನ್ನಾಗಿತ್ತು, ಅಳತೆಯೂ ಸರಿಯಾಗಿತ್ತು. ಹಾಗಾದರೆ ಕೆಟ್ಟಿದ್ದೆಲ್ಲಿ? ಮತ್ತೆ ಮತ್ತೆ ಮಾಡಿ ನೋಡಿದ ಮೇಲೆ ಗೊತ್ತಾಯಿತು. ಈ ಪಾನೀಯದ ಹದ ಕೂಡಿಬರುವುದು ಹಿಂದಿನ ರಾತ್ರಿ, ಫ್ರೀಜರಿನ ಒಳಗೆ. ಬ್ಲೆಂಡರಿಗೆ ಬರುವ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿದಿರಬೇಕು.

ಮೊದಲು ಇದು ಎಲ್ಲಿಂದ ಬಂತು ಅಂತ ನೋಡೋಣ. ಪಿನಾ ಕೊಲಾಡಾ ಅಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಸೋಸಿದ ಅನಾನಸ್ ಅಂತ ಅರ್ಥ. ಊರು ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪ. ಅಲ್ಲಿನ ರಾಜಧಾನಿ ಸ್ಯಾನ್ ಹುವಾನ್‌ನಲ್ಲಿ ಕರೀಬೆ ಹಿಲ್ಟನ್ ಅನ್ನುವ ಹೋಟೆಲಿದೆ. 1954ರಲ್ಲಿ ನಮ್ಮ ಬಾರಿನ ರಮೋನ್ ಮರೇರೊ ಇದನ್ನು ಮೊದಲು ಮಾಡಿದರು ಅನ್ನುತ್ತದೆ ಆ ಹೋಟೆಲು. ಅದೇ ನಗರದ ಹಳೆಯ ಭಾಗದಲ್ಲಿ ಬರ್ರಾಚೀನಾ ಅನ್ನುವ ರೆಸ್ಟೋರೆಂಟಿದೆ. ಅದು 1963ರಲ್ಲಿ ರಮೋನ್ ಪೋರ್ತಾಸ್ ಮಿಂಗೋತ್ ಇಲ್ಲೇ ಇದನ್ನು ಕಂಡುಹಿಡಿದರು ಅಂತ ಗೋಡೆಗೆ ಫಲಕವನ್ನೇ ಹಾಕಿಬಿಟ್ಟಿದೆ. ಇವರಿಬ್ಬರ ಜಗಳದಲ್ಲಿ ನನ್ನ ಮನಸ್ಸು ವಾಲುವುದು ಮೂರನೆಯ ರಮೋನ್ ಕಡೆಗೆ. ರಮೋನ್ ಲೋಪೆಸ್ ಇರಿಸಾರಿ. ಪೋರ್ಟೊ ರಿಕೊ ವಿಶ್ವವಿದ್ಯಾಲಯದಲ್ಲಿ ಕೃಷಿ ಪ್ರಾಧ್ಯಾಪಕರಾಗಿದ್ದವರು. ತೆಂಗಿನಕಾಯಿಯ ಗಟ್ಟಿ ಹಾಲಿಗೆ ಸಕ್ಕರೆ ಸೇರಿಸಿ, ಡಬ್ಬಿಯಲ್ಲಿ ಇಟ್ಟರೂ ಕೆಡದ ಸಿಹಿ ತೆಂಗಿನ ಕ್ರೀಮ್ ಮಾಡಿದವರು ಅವರು. ಅದೇ ಕೊಕೊ ಲೋಪೆಸ್. ಕಾಯಿ ತುರಿದು, ಹಿಂಡಿ, ಸೋಸುವ ಕೆಲಸ ತಪ್ಪಿತು ನೋಡಿ, ಆಮೇಲೆಯೇ ಈ ಪಾನೀಯ ಬಾರುಗಳಲ್ಲಿ ನಿಂತದ್ದು. 1978ರಲ್ಲಿ ಪೋರ್ಟೊ ರಿಕೊ ಇದನ್ನು ತನ್ನ ಅಧಿಕೃತ ಪಾನೀಯ ಅಂತ ಘೋಷಿಸಿತು.

ಬ್ಲೆಂಡರಿಗೂ ರೇಡಿಯೋಗೂ ಒಂದು ನಂಟಿದೆ, ಅದನ್ನು ಇಲ್ಲಿ ಹೇಳದೆ ಇರಲಾರೆ. ಅಮೆರಿಕದಲ್ಲಿ ಫ್ರೆಡ್ ವೇರಿಂಗ್ ಅಂತ ಒಬ್ಬರು ವಾದ್ಯವೃಂದದ ನಾಯಕರಿದ್ದರು. ರೇಡಿಯೋದಲ್ಲಿ ಮನೆಮಾತಾಗಿದ್ದವರು. ಫ್ರೆಡರಿಕ್ ಓಸಿಯಸ್ ಅನ್ನುವವರು ತಾವು ಮಾಡಿದ್ದ ಯಂತ್ರಕ್ಕೆ ಬಂಡವಾಳ ಕೇಳಿಕೊಂಡು ಇವರ ಹತ್ತಿರ ಬಂದರು. ವೇರಿಂಗ್ ಕೈಜೋಡಿಸಿದರು. 1937ರಲ್ಲಿ ಆ ಬ್ಲೆಂಡರು ಮಾರುಕಟ್ಟೆಗೆ ಬಂತು. ಐಸನ್ನೂ ಹಣ್ಣನ್ನೂ ರಮ್ಮನ್ನೂ ಒಂದೇ ಜಾಡಿಯಲ್ಲಿ ಹುಡಿ ಮಾಡುವುದು ಬಾರಿನವರಿಗೆ ಸುಲಭವಾಯಿತು. ಕ್ಯೂಬಾದ ಹವಾನಾ ನಗರದ ಎಲ್ ಫ್ಲೋರಿದೀತಾ ಬಾರಿನ ಹಿಮದಂಥ ಡೈಕಿರಿ ಅನ್ನುವ ರಮ್ ಪಾನೀಯ ಕೂಡ ಇದೇ ಬಳಗದ್ದು.

ಈಗ ಅಸಲು ವಿಷಯಕ್ಕೆ ಬರೋಣ. ನೀರು.

ಐಸು ಕರಗುವಾಗ ಸುತ್ತಲಿನ ಶಾಖ ಹೀರಿಕೊಳ್ಳುತ್ತದೆ. ಒಂದು ಗ್ರಾಂ ಐಸು ಕರಗಲು 80 ಕ್ಯಾಲರಿ ಶಾಖ ಬೇಕು. ಅದೇ ಒಂದು ಗ್ರಾಂ ನೀರಿನ ಬಿಸಿಯನ್ನು ಒಂದು ಡಿಗ್ರಿ ಇಳಿಸಬೇಕಾದರೆ ಒಂದೇ ಕ್ಯಾಲರಿ ತೆಗೆದರೆ ಸಾಕು. ಈ ಲೆಕ್ಕ ಹಿಡಿದು ನೋಡಿ. ಬೀರುವಿನಲ್ಲಿ 25 ಡಿಗ್ರಿಯಲ್ಲಿದ್ದ ರಮ್ಮನ್ನು 120 ಎಂ.ಎಲ್. ಸುರಿದರೆ, ಅದನ್ನು ಸೊನ್ನೆಗೆ ಇಳಿಸುವುದಕ್ಕೇ ಸುಮಾರು 35 ಗ್ರಾಂ ಐಸು ಕರಗಿ ನೀರಾಗಬೇಕು. ಅನಾನಸ್ ರಸವೂ ಬೆಚ್ಚಗಿದ್ದರೆ ಅದಕ್ಕೆ ಇನ್ನಷ್ಟು. ಆಮೇಲೆ ಗಟ್ಟಿಯಾಗಲಿ ಅಂತ ನಾವು ಮತ್ತೆ ಐಸು ಹಾಕುತ್ತೇವೆ. ಅದೂ ಕರಗುತ್ತದೆ. ರುಚಿ ಸಪ್ಪೆಯಾಗುತ್ತಾ ಹೋಗುತ್ತದೆ. ನನ್ನ ಮೊದಲ ಲೋಟಕ್ಕೆ ಆಗಿದ್ದು ಇದೇ.

ದಾರಿ ಸುಲಭ. ರಮ್ ಬಾಟಲಿಯನ್ನು ಹಿಂದಿನ ರಾತ್ರಿಯೇ ಫ್ರೀಜರಿಗೆ ಇಡಿ. ಬಾಟಲಿ ಒಡೆಯುತ್ತದೆ ಅನ್ನುವ ಭಯ ಬೇಡ. ನೂರಕ್ಕೆ 40 ಭಾಗ ಆಲ್ಕೋಹಾಲ್ ಇರುವ ರಮ್ ಗಟ್ಟಿಯಾಗಬೇಕಾದರೆ ಸುಮಾರು ಮೈನಸ್ 27 ಡಿಗ್ರಿ ಬೇಕು. ಮನೆಯ ಫ್ರೀಜರು ಇರುವುದು ಮೈನಸ್ 18ರ ಹತ್ತಿರ. ರಮ್ ಸ್ವಲ್ಪ ಮಂದವಾಗುತ್ತದೆ, ಅಷ್ಟೇ. ರಸ ಫ್ರಿಜ್ಜಿನಲ್ಲಿರಲಿ. ಲೋಟಗಳೂ ಫ್ರೀಜರಿನಲ್ಲಿರಲಿ.

ಇನ್ನು ಹಣ್ಣು. ಐಸಿನ ಬಹುಪಾಲು ಕೆಲಸವನ್ನು ಹಣ್ಣಿನ ಕೈಯಲ್ಲೇ ಮಾಡಿಸಬೇಕು. ಹಣ್ಣು ಕರಗಿದರೂ ಬರುವುದು ಅನಾನಸ್ ರಸವೇ, ಬರೀ ನೀರಲ್ಲ. ಅನಾನಸ್ ಕೊಯ್ದ ಮೇಲೆ ಇನ್ನಷ್ಟು ಸಿಹಿಯಾಗುವ ಹಣ್ಣಲ್ಲ. ಹಾಗಾಗಿ ಮನೆಯಲ್ಲಿಟ್ಟು ಮಾಗಿಸುತ್ತೇನೆ ಅಂತ ಕಾಯಬೇಡಿ. ಕೊಳ್ಳುವಾಗಲೇ ಬುಡ ಮೂಸಿ ನೋಡಿ, ಘಮ ಬರಬೇಕು. ಸಿಪ್ಪೆ, ಕಣ್ಣು, ನಡುವಿನ ದಿಂಡು ತೆಗೆದು ಹೆಬ್ಬೆರಳ ತುದಿಯಷ್ಟು ಹೋಳು ಮಾಡಿ. ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಹರಡಿ ರಾತ್ರಿಯಿಡೀ ಫ್ರೀಜರಿನಲ್ಲಿಡಿ. ಸುಮ್ನೆ ಚೀಲಕ್ಕೆ ತುಂಬಿಟ್ಟರೆ ಬೆಳಗ್ಗೆ ಒಂದೇ ಬಂಡೆಯಾಗಿರುತ್ತದೆ, ಬ್ಲೇಡು ಅದನ್ನು ಅಲುಗಾಡಿಸಲಾರದು.

ಕೆಲವರು ಐಸ್‌ಕ್ರೀಮನ್ನೂ ಸೇರಿಸುತ್ತಾರೆ. ಸೇರಿಸುವುದಾದರೆ ಡಬ್ಬಿಯ ಅನಾನಸ್ ಬಳಸಿ. ತಾಜಾ ಅನಾನಸಿನಲ್ಲಿ ಬ್ರೊಮೆಲಿನ್ ಅನ್ನುವ ಕಿಣ್ವ ಇದೆ. ಹಣ್ಣು ಜಾಸ್ತಿ ತಿಂದರೆ ನಾಲಿಗೆ ಚುರುಚುರು ಅನ್ನುತ್ತದಲ್ವಾ, ಅದಕ್ಕೆ ಇದರ ಪಾಲೂ ಇದೆ. ಅದು ಹಾಲಿನ ಪ್ರೋಟೀನನ್ನು ಒಡೆಯುತ್ತದೆ, ಸ್ವಲ್ಪ ಹೊತ್ತಿನಲ್ಲೇ ಕಹಿ ಬರುತ್ತದೆ. ಫ್ರೀಜರಿನಲ್ಲಿಟ್ಟರೆ ಬ್ರೊಮೆಲಿನ್ ಸಾಯುವುದಿಲ್ಲ. ಡಬ್ಬಿಯ ಹಣ್ಣನ್ನು ಬಿಸಿ ಮಾಡಿ ತುಂಬುವುದರಿಂದ ಅದರಲ್ಲಿ ಈ ತೊಂದರೆ ಇಲ್ಲ.

ತೆಂಗಿನ ಕ್ರೀಮಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎಲ್ಲವೂ ತಣ್ಣಗಿರಲಿ ಅಂದೆನಲ್ಲ, ಇದೊಂದು ಮಾತ್ರ ತಣ್ಣಗಿರಬಾರದು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ನನ್ನ ಲೋಟದಲ್ಲಿ ತೇಲಿದ ಆ ಮೇಣದ ಕಾಳುಗಳು ಅದೇ. ಫ್ರಿಜ್ಜಿನಿಂದ ತೆಗೆದ ಡಬ್ಬಿಯನ್ನು ಹಾಗೇ ಬಗ್ಗಿಸಿದ್ದೆ. ಮೇಲೆ ಗಟ್ಟಿ ಕೆನೆ ನಿಂತಿತ್ತು, ಕೆಳಗೆ ಸಕ್ಕರೆ ನೀರು ಇಳಿದಿತ್ತು. ಕೆನೆ ಐಸಿಗೆ ತಾಗಿದ ಕೂಡಲೇ ಕಾಳುಕಾಳಾಯಿತು. ಈಗ ಡಬ್ಬಿಯನ್ನು ತೆರೆಯುವ ಮೊದಲು ಹತ್ತು ನಿಮಿಷ ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸುತ್ತೇನೆ. ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ಒಳಗೆ ದಪ್‌ದಪ್ ಅಂತ ಮುದ್ದೆ ಬಡಿಯುವ ಸದ್ದು ಇದ್ದರೆ ಇನ್ನೂ ಕರಗಿಲ್ಲ. ಸದ್ದು ಒಂದೇ ಸಮ ಗುಳುಗುಳು ಆದರೆ ತೆರೆಯಬಹುದು. ಸುರಿದಾಗ ಅದು ಬಿಳಿ ಬಣ್ಣದ ಜೇನಿನ ಹಾಗೆ ಮಡಿಕೆ ಮಡಿಕೆಯಾಗಿ ಬೀಳಬೇಕು.

ಡಬ್ಬಿ ಕೊಳ್ಳುವಾಗ ಹೆಸರು ಸರಿಯಾಗಿ ಓದಿ. ಕ್ರೀಮ್ ಆಫ್ ಕೋಕೋನಟ್ ಅಂದರೆ ಸಕ್ಕರೆ ಹಾಕಿದ್ದು. ಕೋಕೋನಟ್ ಕ್ರೀಮ್ ಅಂದರೆ ಬರೀ ಗಟ್ಟಿ ಹಾಲು. ಹೆಸರು ಹಿಂದುಮುಂದಾದರೆ ಪಾನೀಯದ ಸಿಹಿಯೇ ಹೋಯಿತು. ಸಿಹಿಯದ್ದು ಸಿಗದಿದ್ದರೆ ಮನೆಯಲ್ಲೇ ಮಾಡಬಹುದು. 400 ಎಂ.ಎಲ್. ಗಟ್ಟಿ ತೆಂಗಿನ ಹಾಲಿಗೆ 300 ಗ್ರಾಂ ಸಕ್ಕರೆ, ಒಂದು ಚಿಟಿಕೆ ಉಪ್ಪು. ಸಣ್ಣ ಉರಿಯಲ್ಲಿ ಸಕ್ಕರೆ ಕರಗುವ ತನಕ ಕೈಯಾಡಿಸಿ, ಕುದಿಸಬೇಡಿ. ಇಷ್ಟೊಂದು ಸಕ್ಕರೆಯಾ ಅನ್ನಿಸಬಹುದು. ತಣ್ಣಗಾದಷ್ಟೂ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ, ಅದಕ್ಕೇ ಬೇಕು. ಜೊತೆಗೆ ಸಕ್ಕರೆ ಇದ್ದರೆ ಮಿಶ್ರಣ ಕಲ್ಲಾಗದೆ ಮೆತ್ತಗಿರುತ್ತದೆ.

ರಮ್ ಬಗ್ಗೆ ಎರಡೇ ಮಾತು. ಹಳೆಯ ಕ್ರಮದಲ್ಲಿ ಬಳಸುವುದು ಬಿಳಿ ರಮ್. ನನಗೆ ಅದರ ಜೊತೆ ಜಮೈಕಾದ ಗಾಢ ಪರಿಮಳದ ರಮ್ ಕಾಲು ಭಾಗ ಸೇರಿಸುವುದು ಇಷ್ಟ, ಥಂಡಿಯಲ್ಲೂ ಅದರ ಘಮ ಅಡಗುವುದಿಲ್ಲ. ವರ್ಷಗಟ್ಟಲೆ ಪೀಪಾಯಿಯಲ್ಲಿ ಮಾಗಿದ ದುಬಾರಿ ರಮ್ಮನ್ನು ಇದಕ್ಕೆ ಸುರಿಯಬೇಡಿ. ಅದರ ನಯವೆಲ್ಲ ಐಸಿನಲ್ಲಿ ಕಳೆದುಹೋಗುತ್ತದೆ.

ಇಬ್ಬರಿಗೆ ಅಳತೆ ಹೇಳುತ್ತೇನೆ, ಪೆನ್ನು ಹಿಡಿದುಕೊಳ್ಳಿ. ರಮ್ 120 ಎಂ.ಎಲ್., ತೆಂಗಿನ ಕ್ರೀಮ್ 90, ಅನಾನಸ್ ರಸ 60, ನಿಂಬೆರಸ 20. ಹೆಪ್ಪುಗಟ್ಟಿದ ಅನಾನಸ್ 250 ಗ್ರಾಂ, ಐಸು 150 ಗ್ರಾಂ. ಒಂದು ಚಿಟಿಕೆ ಉಪ್ಪು. ನಿಂಬೆ ಬೇಡ ಅನ್ನುವವರಿದ್ದಾರೆ. ನನ್ನ ಪ್ರಕಾರ ಅದು ಇಲ್ಲದಿದ್ದರೆ ಎರಡನೇ ಗುಟುಕಿಗೇ ಸಿಹಿ ಮುಖಕ್ಕೆ ಹೊಡೆಯುತ್ತದೆ. ಐಸು ಫ್ರೀಜರಿನಿಂದ ನೇರವಾಗಿ ಬರಲಿ. ಬಟ್ಟಲಲ್ಲಿ ಬೆವೆತು ಕೂತ ಐಸಿನ ಮೈತುಂಬ ಆಗಲೇ ನೀರಿರುತ್ತದೆ.

ಬ್ಲೆಂಡರಿಗೆ ಮೊದಲು ತೆಂಗಿನ ಕ್ರೀಮ್, ರಸ, ನಿಂಬೆ, ಉಪ್ಪು. ಹತ್ತು ಸೆಕೆಂಡು ತಿರುಗಿಸಿ, ಕೆನೆ ರಸದೊಳಗೆ ಪೂರ್ತಿ ಬೆರೆಯಲಿ. ಆಮೇಲೆ ರಮ್. ಆಮೇಲೆ ಹಣ್ಣು. ಕೊನೆಗೆ ಐಸು. ಇಲ್ಲಿಂದ ಮುಂದೆ ಕಣ್ಣಿಗಿಂತ ಕಿವಿ ಮುಖ್ಯ. ಮೊದಲು ಕಟಕಟ ಅಂತ ಕಲ್ಲು ಬಡಿಯುವ ಸದ್ದು ಬರುತ್ತದೆ. ಈಗ ಬಿಟ್ಟು ಬಿಟ್ಟು ಒತ್ತಿ, ಐದಾರು ಸಲ. ಕಟಕಟ ಹೋಗಿ ಗೊರಗೊರ ಆದಾಗ ಒಂದೇ ಸಮನೆ ಓಡಿಸಿ. ಸದ್ದು ದಪ್ಪಗಾಗಿ, ಗುಂಯ್ ಅಂತ ಒಂದೇ ಶ್ರುತಿಗೆ ಬಂದು ನಿಂತ ಕೂಡಲೇ ಆರಿಸಿ. ಎಲ್ಲ ಸೇರಿ ಮೂವತ್ತು ಸೆಕೆಂಡು ಸಾಕು. ಜಾಸ್ತಿ ಓಡಿಸಿದರೆ ಬ್ಲೇಡಿನ ಉಜ್ಜಾಟದ ಬಿಸಿಗೇ ಕರಗಲು ಶುರುವಾಗುತ್ತದೆ. ನಡುವೆ ಸದ್ದು ಇದ್ದಕ್ಕಿದ್ದಂತೆ ಕೀಚಲಾಗಿ ಮೇಲೇರಿತು ಅನ್ನಿ, ಬ್ಲೇಡಿನ ಸುತ್ತ ಗಾಳಿ ಗುಳ್ಳೆ ಕೂತಿದೆ ಅಂತ ಅರ್ಥ. ಆರಿಸಿ, ಮುಚ್ಚಳ ತೆಗೆದು, ಚಮಚದಲ್ಲಿ ಕೆಳಕ್ಕೆ ಒತ್ತಿ, ಒಂದು ಚಮಚ ರಸ ಹಾಕಿ. ಒಂದು ಲೋಟ ಅಲ್ಲ, ಒಂದು ಚಮಚ. ಸರಿಯಾಗಿ ಆಗಿದ್ದರೆ ಜಾಡಿಯ ನಡುವೆ ಸಣ್ಣ ಸುಳಿ ಕಾಣಿಸುತ್ತದೆ, ಅಂಚಿನ ಮುದ್ದೆ ನಿಧಾನಕ್ಕೆ ಒಳಗೆ ಜಾರುತ್ತಿರುತ್ತದೆ.

ರಮ್ ಇಲ್ಲದೆ ಮಾಡುವವರು ಅದರ ಜಾಗಕ್ಕೆ ಅಷ್ಟೇ ಅನಾನಸ್ ರಸ ಹಾಕಿ, ಐಸನ್ನು ಪೂರ್ತಿ ಬಿಟ್ಟುಬಿಡಿ. ಇಷ್ಟು ಹೊತ್ತು ಮಿಶ್ರಣವನ್ನು ಮೆತ್ತಗೆ ಇಟ್ಟದ್ದರಲ್ಲಿ ಆಲ್ಕೋಹಾಲಿನ ಪಾಲು ದೊಡ್ಡದು. ಅದಿಲ್ಲದೆ ಅಷ್ಟೇ ಐಸು ಹಾಕಿದರೆ ಬ್ಲೆಂಡರು ಸಿಕ್ಕಿಹಾಕಿಕೊಳ್ಳುತ್ತದೆ. ರುಚಿಯಲ್ಲಿ ಇದಕ್ಕೇನೂ ಕೊರತೆಯಿಲ್ಲ. ರಮ್ ಹಾಕಿದ್ದನ್ನು ಕುಡಿಯುವವರಿಗೆ ಒಂದು ಮಾತು, ಮನಸಾರೆ ಹೇಳುತ್ತಿದ್ದೇನೆ. ಒಂದೊಂದು ಲೋಟದಲ್ಲೂ 60 ಎಂ.ಎಲ್. ರಮ್ ಇದೆ. ಥಂಡಿ ಮತ್ತು ಸಿಹಿ ಅದರ ಖಾರವನ್ನು ಮುಚ್ಚಿಡುತ್ತವೆ, ಅಮಲನ್ನಲ್ಲ. ಆಮೇಲೆ ಗಾಡಿ ಓಡಿಸುವವರಿದ್ದರೆ ಅವರಿಗೆ ರಮ್ ಇಲ್ಲದ್ದನ್ನು ಮೊದಲೇ ಬೇರೆ ಮಾಡಿಡಿ. ಎರಡು ಜಾಡಿ ಅದಲುಬದಲಾಗದ ಹಾಗೆ ನೋಡಿಕೊಳ್ಳಿ.

ಮಿಕ್ಕಿದ್ದನ್ನು ಚೆಲ್ಲಬೇಡಿ. ಮುಚ್ಚಳದ ಡಬ್ಬಿಯಲ್ಲಿ ಫ್ರೀಜರಿಗಿಡಿ. ರಮ್ ಇರುವುದರಿಂದ ಮರುದಿನವೂ ಚಮಚಕ್ಕೆ ಬರುತ್ತದೆ. ಫೋರ್ಕಿನಲ್ಲಿ ಕೆದಕಿ, ಐದು ಸೆಕೆಂಡು ಬ್ಲೆಂಡರಿನಲ್ಲಿ ತಿರುಗಿಸಿದರೆ ಮತ್ತೆ ಅದೇ ಹದ.

ಇನ್ನು ಫ್ರೀಜರಿನಿಂದ ಲೋಟ ತೆಗೆಯಿರಿ. ಮಂಜು ಹಿಡಿದು ಬೆಳ್ಳಗಾಗಿರುತ್ತದೆ, ಬೆರಳಿಟ್ಟಲ್ಲಿ ಅಚ್ಚು ಮೂಡುತ್ತದೆ. ಅಂಚಿನ ತನಕ ತುಂಬಿ, ಮೇಲೆ ಒಂದು ಚಮಚ ಕಪ್ಪು ರಮ್ ಹಾಕಿ. ಅದು ಬಿಳಿ ಗುಡ್ಡೆಯ ಬಿರುಕುಗಳಲ್ಲಿ ಕಂದು ಗೆರೆಯಾಗಿ ಇಳಿಯುತ್ತದೆ. ಜಾಯಿಕಾಯಿ ಇದ್ದರೆ ಎರಡು ಸಲ ತುರಿಯಿರಿ. ಮೊದಲ ಗುಟುಕು ಸಣ್ಣದಿರಲಿ. ಅವಸರದಲ್ಲಿ ಎಳೆದು ಹಣೆ ಚುಳ್ ಅಂದರೆ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿಯಿರಿ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಆಮೇಲೆ ಮತ್ತೆ ಶುರು ಮಾಡಿ. ನಮಸ್ಕಾರ.