ವೈನ್ ಮೇಳ, ಪಂದಿಕರಿ ಮತ್ತೆ ಒಗರು ಅನ್ನೋ ನಮ್ಮ ಪದ

ನಮಸ್ಕಾರ ಎಲ್ರಿಗೂ. ಇವತ್ತು ವೈನ್ ಮೇಳದ ಬಗ್ಗೆ ಮಾತಾಡೋಣ. ವೈನ್ ಮೇಳ ಅಂದ ತಕ್ಷಣ ಅರ್ಧ ಜನ "ಅದು ನಮ್ಮಂಥವ್ರಿಗಲ್ಲ ಬಿಡಿ" ಅಂತಾರೆ. ಇಂಗ್ಲಿಷ್ ಬರ್ಬೇಕು, ಫ್ರೆಂಚ್ ಹೆಸರು ಬಾಯಿಪಾಠ ಇರ್ಬೇಕು, ಗ್ಲಾಸ್ ಹಿಡಿಯೋಕೂ ಒಂದ್ ರೀತಿ ಇದೆ ಅಂತೆಲ್ಲ. ನಾನೂ ಹಾಗೇ ಅಂದ್ಕೊಂಡಿದ್ದೆ. ಈಗ ವರ್ಷಕ್ಕೆ ಒಂದಾದ್ರೂ ಮೇಳಕ್ಕೆ ಹೋಗ್ದಿದ್ರೆ ಏನೋ ಕಳ್ಕೊಂಡ ಹಾಗೆ ಆಗುತ್ತೆ. ಯಾಕೆ ಅಂತ ಹೇಳ್ತೀನಿ.

ಮೊದಲ್ನೇದು ಆ ಬೆಳಕು. ನಮ್ಮೂರ ಬಾರ್ ಹೇಗಿರುತ್ತೆ ಗೊತ್ತಲ್ಲ, ಲೈಟ್ ಆಫ್, ಕರ್ಟನ್ ಎಳ್ದಿರ್ತಾರೆ, ಯಾರು ಯಾರ ಮುಖನೂ ನೋಡಲ್ಲ. ಮೇಳದಲ್ಲಿ ಮಧ್ಯಾಹ್ನ ನಾಲ್ಕು ಗಂಟೆ ಬಿಸಿಲು, ಮರದ ಕೆಳಗೆ ಸ್ಟಾಲು, ಗಂಡ ಹೆಂಡ್ತಿ ಜೊತೆಗೆ ನಿಂತು ಒಂದೇ ಗ್ಲಾಸಲ್ಲಿ ರುಚಿ ನೋಡ್ತಿರ್ತಾರೆ, ಪಕ್ಕದಲ್ಲಿ ದೊಡ್ಡೋರು ಒಬ್ರು ಓದೋ ಕನ್ನಡಕ ಹಾಕ್ಕೊಂಡು ಬಾಟ್ಲಿ ಲೇಬಲ್ ಓದ್ತಿರ್ತಾರೆ. ಯಾರ ಮುಖದಲ್ಲೂ ಬಚ್ಚಿಟ್ಕೊಳ್ಳೋ ಭಾವ ಇರಲ್ಲ. ಇಷ್ಟಕ್ಕೇ ನಂಗೆ ಮೇಳ ಇಷ್ಟ ಆಗ್ಬಿಡ್ತು.

ಇನ್ನು ರುಚಿ ವಿಷ್ಯ. ನಾನು ಮೊದಲ್ನೇ ಸಲ ಒಂದು ಡ್ರೈ, ಅಂದ್ರೆ ಸಿಹಿ ಇಲ್ದಿರೋ ರೆಡ್ ವೈನ್ ಕುಡ್ದು "ಅಯ್ಯೋ ಕಹಿ" ಅಂದೆ. ಸ್ಟಾಲಲ್ಲಿದ್ದ ಹುಡುಗಿ ನಗ್ತಾ, ಸರ್ ಸರಿಯಾಗಿ ನೋಡಿ, ಅದು ಕಹಿನಾ ಇಲ್ಲ ಒಗರಾ ಅಂದ್ಲು. ಇನ್ನೊಂದು ಗುಟುಕು ಬಾಯಲ್ಲೇ ಇಟ್ಕೊಂಡು ಯೋಚ್ನೆ ಮಾಡ್ದೆ. ಹೌದು ಕಣ್ರೀ, ಒಗರು! ನೇರಳೆ ಹಣ್ಣು ತಿಂದ್ಮೇಲೆ ನಾಲಿಗೆ ಹಿಡ್ಕೊಳ್ಳುತ್ತಲ್ಲ, ಎಳೇ ಅಡಿಕೆ ಅಗಿದಾಗ ಕೆನ್ನೆ ಒಳಗೆ ಎಳ್ದಂಗೆ ಆಗುತ್ತಲ್ಲ, ಅದೇ. ಇಂಗ್ಲಿಷಲ್ಲಿ ಟ್ಯಾನಿನ್ ಟ್ಯಾನಿನ್ ಅಂತ ಅಷ್ಟುದ್ದ ಭಾಷಣ ಮಾಡ್ತಾರೆ, ಅದು ಕೊಡೋ ಅನುಭವಕ್ಕೆ ನಮ್ಮಜ್ಜಿ ಒಂದೇ ಪದ ಇಟ್ಕೊಂಡಿದ್ರು. ದ್ರಾಕ್ಷಿ ಸಿಪ್ಪೆ, ಬೀಜದಿಂದ ಬರೋದದು. ಕಪ್ಪು ದ್ರಾಕ್ಷಿ ಹಿಂಡಿದ್ರೂ ಸುಮಾರು ಜಾತೀಲಿ ರಸ ಬಣ್ಣ ಇಲ್ದೇನೇ ಬರುತ್ತೆ, ಸಿಪ್ಪೆ ಸಮೇತ ಹುಳಿ ಬರ್ಸಿದ್ರೇನೇ ಆ ಕೆಂಪು, ಆ ಒಗರು ಎಲ್ಲ ಇಳಿಯೋದು.

ಅವತ್ತಿಂದ ನಂಗೆ ಭಯ ಹೋಯ್ತು. ಸೋವಿನ್ಯೋನ್ ಬ್ಲಾಂಕ್ ಅಂತ ಒಂದು ವೈಟ್ ವೈನ್ ಹೆಸರು ಕೇಳಿ ಗಾಬರಿ ಆಗ್ಬೇಡಿ, ಮೂಗಿಗೆ ಹಿಡೀರಿ, ಅರ್ಧ ಹಣ್ಣಾದ ಸೀಬೆಕಾಯಿ ವಾಸ್ನೆ ಬರುತ್ತೆ. ಶಿರಾಜ್ ಅನ್ನೋ ರೆಡ್ ವೈನ್ ಮೂಸಿದ್ರೆ ಎಷ್ಟೋ ಸಲ ಕರಿಮೆಣಸು, ಅದೂ ಸುಮ್ನೆ ಹೋಲಿಕೆ ಅಲ್ಲ, ರೋಟಂಡೋನ್ ಅನ್ನೋ ಒಂದೇ ಅಂಶ ಎರಡ್ರಲ್ಲೂ ಇದೆ, ಕರಿಮೆಣಸಲ್ಲೂ ಆ ವೈನಲ್ಲೂ.

ಇಲ್ಲಿಗೆ ಬಂದೆ ನೋಡಿ, ಊಟದ ವಿಷ್ಯಕ್ಕೆ. ಮೇಳದ ನಿಜವಾದ ಸುಖ ಇರೋದೇ ಇಲ್ಲಿ. ಒಂದು ಮೇಳದಲ್ಲಿ ಕೊಡಗಿನ ಊಟದ ಸ್ಟಾಲಿತ್ತು. ಪಂದಿಕರಿ ಅಂದ್ರೆ ಹಂದಿ ಮಾಂಸದ ಸಾರು, ಜೊತೆಗೆ ಕಡಂಬುಟ್ಟು ಅನ್ನೋ ಅಕ್ಕಿ ಕಡುಬು. ಪಂದಿಕರಿಗೆ ಹುರಿದು ಪುಡಿ ಮಾಡಿದ ಮಸಾಲೆ, ಅದ್ರಲ್ಲಿ ಕರಿಮೆಣಸು, ಕೊನೇಲಿ ಕಾಚಂಪುಳಿ ಅನ್ನೋ ಕೊಡಗಿನ ಕಪ್ಪಗಿನ ಹುಳಿ ರಸ. ಒಂದು ತುಂಡು ಬಾಯಿಗಿಟ್ಟೆ, ಕೊಬ್ಬು ನಾಲಿಗೆ ಮೇಲೆ ಕರಗ್ತಾ ಇದೆ, ಹಿಂದೆನೇ ಒಂದು ಗುಟುಕು ಶಿರಾಜ್. ಅರ್ಧ ಗಂಟೆ ಮುಂಚೆ ಒರಟೊರಟಾಗಿದ್ದ ಅದೇ ವೈನ್ ಪೂರ್ತಿ ಮೆತ್ತಗಾಗ್ಬಿಟ್ಟಿದೆ! ಒಗರು ಹೋಗಿ ಮಾಂಸಕ್ಕೆ ಅಂಟ್ಕೊಂಡು ಬಿಡುತ್ತೆ, ಉಳಿಯೋದು ಹಣ್ಣು, ಮೆಣಸು. ನಾನು ಅಲ್ಲೇ ನಿಂತು ಇನ್ನೊಂದು ಪ್ಲೇಟ್ ತಗೊಂಡೆ.

ಹಾಗಂತ ಎಲ್ಲದಕ್ಕೂ ರೆಡ್ ಆಗಲ್ಲ. ಅದೇ ಗ್ಲಾಸ್ ಹಿಡ್ಕೊಂಡು ಕುಂದಾಪುರ ಕಡೆ ಚಿಕನ್ ಘೀ ರೋಸ್ಟ್ ತಿಂದೆ, ಬಾಯಿ ಉರ್ದು ಹೋಯ್ತು. ಆ ಮೆಣಸಿನಕಾಯಿ ಖಾರದ ಮೇಲೆ ಒಗರು, ಆಲ್ಕೋಹಾಲ್ ಎರಡೂ ಸೇರಿದ್ರೆ ಉರಿ ಜಾಸ್ತಿನೇ ಆಗುತ್ತೆ. ಅದಕ್ಕೆ ಚೆನ್ನಾಗಿ ತಣ್ಣಗಿರೋ, ಸ್ವಲ್ಪ ಸಿಹಿ ಇರೋ ಶೆನಿನ್ ಬ್ಲಾಂಕ್ ಅನ್ನೋ ವೈಟ್ ವೈನ್ ತಗೋಬೇಕು. ಖಾರ ತಿಂದು ಪಾನಕ ಕುಡಿದಂಗೆ ಇರುತ್ತೆ. ಇದನ್ನ ಯಾವ ವಿಡಿಯೋ ನೋಡಿದ್ರೂ ಕಲಿಯೋಕಾಗಲ್ಲ, ನನ್ನ ಈ ವಿಡಿಯೋ ಕೂಡ ಸೇರಿಸಿ ಹೇಳ್ತಿದೀನಿ. ಒಂದು ಕೈಯಲ್ಲಿ ಪ್ಲೇಟು, ಇನ್ನೊಂದು ಕೈಯಲ್ಲಿ ಗ್ಲಾಸು ಇದ್ರೇನೇ ಗೊತ್ತಾಗೋದು, ಒಂದೇ ಜಾಗದಲ್ಲಿ ಹತ್ತು ಥರ ಹೀಗೆ ಹೋಲಿಸಿ ನೋಡೋಕೆ ಮೇಳ ಬಿಟ್ರೆ ಬೇರೆಲ್ಲಿ ಆಗುತ್ತೆ ಹೇಳಿ.

ಅದಕ್ಕೇ ನಂಗೆ ಒಂದು ಬೇಜಾರು. ಒಂದು ಸಲ ಹೋಗಿದ್ದ ಮೇಳದಲ್ಲಿ ಊಟ ಅಂದ್ರೆ ಬರೀ ಪಿಜ್ಜಾ, ಫ್ರೆಂಚ್ ಫ್ರೈಸ್, ವೈನ್ ಕೊಟ್ಟಿದ್ದು ಪ್ಲಾಸ್ಟಿಕ್ ಕಪ್ಪಲ್ಲಿ. ಆ ಕಪ್ಪಲ್ಲಿ ಮೂಗಿಗೇನೂ ಸಿಗಲ್ಲ. ಮೇಳ ಮಾಡೋರು ದಯವಿಟ್ಟು ಗಾಜಿನ ಗ್ಲಾಸ್ ಕೊಡಿ, ಬೇಕಾದ್ರೆ ಡೆಪಾಸಿಟ್ ಇಸ್ಕೊಳ್ಳಿ. ನಾಟಿ ಕೋಳಿ, ಮೀನು ಫ್ರೈ, ಸಸ್ಯಾಹಾರಿಗಳಿಗೆ ಪಡ್ಡು, ಮದ್ದೂರು ವಡೆ ಹಾಕ್ಸಿ. ನಮ್ಮ ವೈನ್ ನಮ್ಮ ಊಟದ ಜೊತೆ ಕೂತ್ಕೊಳ್ಳಿ.

ನಮ್ಮ ವೈನ್ ಅಂದೆ, ಸುಮ್ನೆ ಅಂದಿದ್ದಲ್ಲ. ನಂದಿ ಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಹತ್ರ ವೈನ್ ಮಾಡೋ ಗ್ರೋವರ್‌ನವರು ಫ್ರಾನ್ಸಿಂದ ಬಳ್ಳಿ ತರ್ಸಿ ನೆಟ್ಟು ದಶಕಗಳೇ ಆದ್ವು. ಹಂಪಿ ಹತ್ರ ಬಂಡೆಗಳ ಮಧ್ಯೆನೂ ವೈನ್ ದ್ರಾಕ್ಷಿ ಬೆಳೀತಾರೆ. 2007ರಲ್ಲಿ ರಾಜ್ಯ ಸರ್ಕಾರ ವೈನಿಗೇ ಅಂತ ಒಂದು ನೀತಿ ತಂತು, ದ್ರಾಕ್ಷಾರಸ ಮಂಡಳಿನೂ ಇದೆ. ಬೆಂಗಳೂರು ನೀಲಿ ದ್ರಾಕ್ಷಿ ಅಂತೂ ಕೇಳ್ಬೇಡಿ, ಕ್ರಿಸ್‌ಮಸ್‌ಗೆ ಎಷ್ಟೋ ಮನೇಲಿ ಭರಣಿಗೆ ಹಾಕಿಡೋ ಸಿಹಿ ವೈನ್ ಅದ್ರದ್ದೇ, ಅದಕ್ಕೆ ಜಿಐ ಟ್ಯಾಗ್, ಅಂದ್ರೆ ಈ ಊರಿಂದೇ ಬೆಳೆ ಅನ್ನೋ ಅಧಿಕೃತ ಗುರುತು ಕೂಡ ಸಿಕ್ಕಿದೆ.

ಮೇಳದಲ್ಲಿ ವಿಜಯಪುರದ ಬೆಳೆಗಾರರೊಬ್ರು ಸಿಕ್ಕಿದ್ರು. ಅವರ ಬೆರಳ ತುದಿಯೆಲ್ಲ ಕತ್ತರಿ ಹಿಡ್ದು ಹಿಡ್ದು ಗಟ್ಟಿ ಆಗ್ಬಿಟ್ಟಿತ್ತು. "ಏಪ್ರಿಲ್‌ದಾಗ ಒಂದ್ ಚಾಟ್ನಿ, ಅಕ್ಟೋಬರ್‌ದಾಗ ಒಂದ್ ಚಾಟ್ನಿ ಮಾಡ್ತೀವ್ರಿ" ಅಂದ್ರು. ಚಾಟ್ನಿ ಅಂದ್ರೆ ಬಳ್ಳಿ ಕತ್ತರಿಸೋದು. ಏಪ್ರಿಲ್‌ದು ಕಡ್ಡಿ ಬಲಿಯೋಕೆ, ಅಕ್ಟೋಬರ್‌ದು ಹಣ್ಣಿಗೆ, ಫೆಬ್ರವರಿ ಮಾರ್ಚಿಗೆ ಕೊಯ್ಲು. ಎರಡ್ನೇ ಚಾಟ್ನಿ ಆದ್ಮೇಲೆ ಮಳೆ ಹಿಡೀತು ಅಂದ್ರೆ ರೋಗ ಬಂದು ವರ್ಷದ ದುಡಿಮೆನೇ ಹೋಗುತ್ತಂತೆ. ಗ್ಲಾಸ್ ಕೈಯಲ್ಲಿ ಹಿಡ್ಕೊಂಡು ಅದನ್ನ ಕೇಳ್ತಾ ನಿಂತಿದ್ದೆ, ಆಮೇಲೆ ಅದ್ರಲ್ಲಿ ಉಳ್ದಿದ್ದನ್ನ ಚೆಲ್ಲೋಕೆ ಮನಸ್ಸಾಗ್ಲಿಲ್ಲ.

ಹೋಗೋರಿಗೆ ಒಂದೆರಡು ಮಾತು. ಖಾಲಿ ಹೊಟ್ಟೇಲಿ ಹೋಗ್ಬೇಡಿ. ಪ್ರತಿ ಗ್ಲಾಸಿಗೂ ಒಂದು ಲೋಟ ನೀರು. ಉಗಿಯೋಕೆ ಬಕೆಟ್ ಇಟ್ಟಿರ್ತಾರೆ, ಸಂಕೋಚ ಬೇಡ, ರುಚಿ ಗೊತ್ತಿರೋರು ಅದನ್ನೇ ಮಾಡ್ತಾರೆ. ಗಾಡಿ ಮನೇಲೇ ಬಿಟ್ಟು ಮೆಟ್ರೋನೋ ಆಟೋನೋ ಹಿಡೀರಿ. ದ್ರಾಕ್ಷಿ ತುಳಿಯೋ ತೊಟ್ಟಿ ಇದ್ರೆ ಪ್ಯಾಂಟ್ ಮಡಚಿ ಇಳೀರಿ, ಕಾಲ್ಬೆರಳ ಸಂದೀಲಿ ಆ ತಣ್ಣನೆ ಹಣ್ಣು ಪಚಕ್ ಅನ್ನೋದು ದೊಡ್ಡೋರಿಗೂ ಮಜಾನೇ.

ಹೋದ್ಸಲ ಅಲ್ಲಿಂದ ತಂದಿದ್ದ ಒಂದು ಶಿರಾಜ್ ಬಾಟ್ಲಿ ಮನೇಲಿ ಹಾಗೇ ಇದೆ. ಮಡಿಕೇರಿಯಿಂದ ಫ್ರೆಂಡ್ ಒಬ್ಬ ಈ ಭಾನುವಾರ ಕಾಚಂಪುಳಿ ತರ್ತೀನಿ ಅಂದಿದಾನೆ. ಅಲ್ಲೀವರೆಗೂ ಮುಚ್ಚಳ ತೆಗಿಯಲ್ಲ.