ಮನೇಲಿದಾನೆ ಅಂದ್ರೆ ಏನರ್ಥ?

(ಶಿವಮೊಗ್ಗದ ಪದವಿ ಕಾಲೇಜೊಂದರಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ಯುವಜನರ ಮುಂದಿರುವ ಆರ್ಥಿಕ ಸವಾಲುಗಳು’ ಅಂತ ಅಚ್ಚಾಗಿದೆ. ಅಷ್ಟು ದೊಡ್ಡದನ್ನು ಹೊರುವ ಶಕ್ತಿ ನನಗಿಲ್ಲ. ನಾನು ಮೂವತ್ತಾರು ವರ್ಷ ಬ್ಯಾಂಕಿನಲ್ಲಿದ್ದವನು. ಅದರಲ್ಲಿ ಜಾಸ್ತಿ ಕಾಲ ಸಾಲದ ಟೇಬಲ್ಲಿನಲ್ಲಿ, ಅದೂ ಮಲೆನಾಡಿನ ಸಣ್ಣ ಶಾಖೆಗಳಲ್ಲಿ. ಸಾಲ ಕೇಳೋಕೆ ಬಂದವರು ಮನೆಯ ಕಥೆಯನ್ನೆಲ್ಲ ಹೇಳುತ್ತಾರೆ. ಆ ಕಥೆಗಳಲ್ಲಿ ಮತ್ತೆ ಮತ್ತೆ ಕೇಳಿದ ಒಂದು ಮಾತಿನ ಬಗ್ಗೆ ಇವತ್ತು ಮಾತಾಡುತ್ತೇನೆ.

“ಮಗ ಏನ್ ಮಾಡ್ತಿದಾನೆ?” ಅಂತ ಕೇಳಿದರೆ ನಮ್ಮ ಕಡೆ ಬರುವ ಉತ್ತರ: “ಮನೇಲಿದಾನೆ.”

ನಿವೃತ್ತಿಗೆ ನಾಲ್ಕೈದು ವರ್ಷ ಮುಂಚಿನ ಮಾತು. ತೀರ್ಥಹಳ್ಳಿ ತಾಲ್ಲೂಕಿನ ಒಂದು ಶಾಖೆಯಲ್ಲಿದ್ದೆ. ಆಗಸ್ಟ್ ತಿಂಗಳು, ಮಧ್ಯಾಹ್ನ. ಅಪ್ಪ, ಮಗ ಇಬ್ಬರು ಬಂದು ಕೂತರು. ಕೊಡೆ ಬಾಗಿಲಾಚೆ ಇಟ್ಟು ಬಂದಿದ್ದರೂ ಇಬ್ಬರ ಕಾಲಿಂದ ಇಳಿದ ನೀರು ನನ್ನ ಟೇಬಲ್ ಕೆಳಗೆ ಹರಿಯುತ್ತಿತ್ತು. ಹುಡುಗನ ಉಗುರಿನ ಸಂದಿಯಲ್ಲೆಲ್ಲ ನೀಲಿ. ಮೈಲುತುತ್ತದ ನೀಲಿ ಅದು. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸಿ ಬಂದ ಕೈ ಅಂತ ನೋಡಿದವರಿಗೇ ಗೊತ್ತಾಗುತ್ತದೆ. ನಿಮ್ಮಲ್ಲೂ ಕೆಲವರ ಕೈ ಮಳೆಗಾಲದಲ್ಲಿ ಹಾಗೇ ಇರುತ್ತದೆ, ಅಲ್ವಾ?

ಅಡಿಕೆ ಸುಲಿಯುವ ಯಂತ್ರಕ್ಕೆ ಸಾಲ ಬೇಕಿತ್ತು. ಅರ್ಜಿ ತುಂಬುತ್ತ ‘ವೃತ್ತಿ’ ಅನ್ನುವ ಕಾಲಮ್ಮಿಗೆ ಬಂದೆ. “ಏನಪ್ಪಾ ಬರೀಲಿ?” ಅಂತ ಹುಡುಗನ ಮುಖ ನೋಡಿದೆ. ಅವನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದರು: “ಏನಿಲ್ಲ ಸರ್. ಬಿಕಾಂ ಆಗಿದೆ. ಮನೇಲಿದಾನೆ.”

ಹುಡುಗ ತಲೆ ಬಗ್ಗಿಸಿಕೊಂಡು ಉಗುರಿನ ನೀಲಿ ಕೆರೆಯುತ್ತ ಕೂತ. ಮಳೆಗಾಲದಲ್ಲಿ ಔಷಧಿ, ಆಮೇಲೆ ಅಡಿಕೆ ಗೊನೆ ಕೊಯ್ಲು, ಸುಲಿಯೋದು, ಬೇಯಿಸೋದು, ಅಂಗಳದಲ್ಲಿ ಹರವಿ ಒಣಗಿಸೋದು, ಮೋಡ ಕಟ್ಟಿದರೆ ಓಡಿಹೋಗಿ ಒಟ್ಟೋದು. ಬೇಸಿಗೆಯಲ್ಲಿ ನೀರು, ಗೊಬ್ಬರ. ಇದನ್ನೆಲ್ಲ ಮಾಡುವವನು ಅವನೇ. ಆದರೂ ಅವನು ‘ಏನಿಲ್ಲ.’

ಇಲ್ಲೊಂದು ತಮಾಷೆ ಇದೆ. ಕೇಂದ್ರ ಸರ್ಕಾರ 2017ರಿಂದ ಪಿಎಲ್‌ಎಫ್‌ಎಸ್ ಅಂತ ಒಂದು ಕಾರ್ಮಿಕರ ಸಮೀಕ್ಷೆ ಮಾಡುತ್ತಿದೆ. ದೇಶದಲ್ಲಿ ಎಷ್ಟು ನಿರುದ್ಯೋಗ ಅಂತ ಪತ್ರಿಕೆಯಲ್ಲಿ ಬರುವ ಸರ್ಕಾರಿ ಲೆಕ್ಕ ಅಲ್ಲಿಂದಲೇ ಬರುವುದು. ಆ ಸಮೀಕ್ಷೆಯವರು ಈ ಹುಡುಗನ ಮನೆಗೆ ಹೋದರೆ ಅವನನ್ನು ಉದ್ಯೋಗಿ ಅಂತಲೇ ಬರೆದುಕೊಳ್ಳುತ್ತಾರೆ. ಮನೆಯ ಕಸುಬಿನಲ್ಲಿ ಸಂಬಳ ಇಲ್ಲದೆ ದುಡಿಯುವವರನ್ನೂ ಅವರು ‘ಕೆಲಸದಲ್ಲಿದ್ದಾರೆ’ ಎಂದೇ ಲೆಕ್ಕ ಹಿಡಿಯುವುದು. ಸರ್ಕಾರದ ಪ್ರಕಾರ ಹುಡುಗನಿಗೆ ಕೆಲಸ ಇದೆ. ಅಪ್ಪನ ಪ್ರಕಾರ ಇಲ್ಲ. ಇನ್ನು ಅವನ ಜೇಬನ್ನು ಕೇಳಿದರೆ, ಬೈಕಿನ ಪೆಟ್ರೋಲಿಗೆ ಅಪ್ಪಯ್ಯನ ಹತ್ತಿರ ಕೈಚಾಚಬೇಕು.

ಅದೇ ಸಮೀಕ್ಷೆಯ 2023-24ರ ವರದಿ ಪ್ರಕಾರ 15ರಿಂದ 29 ವರ್ಷದವರಲ್ಲಿ ನಿರುದ್ಯೋಗ ಶೇ 10.2. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯವರು 2024ರಲ್ಲಿ ಭಾರತದ ಬಗ್ಗೆ ತಂದ ವರದಿಯಲ್ಲಿ ಇನ್ನೊಂದು ಲೆಕ್ಕ ಇದೆ. 2022ರಲ್ಲಿ ಓದು ಬರಹ ಬಾರದ ಯುವಜನರಲ್ಲಿ ನಿರುದ್ಯೋಗ ಶೇ 3.4. ಪದವಿ ಓದಿದವರಲ್ಲಿ ಶೇ 29.1. ಇದನ್ನು ಕೇಳಿ ‘ಹಾಗಾದರೆ ಓದಿದ್ದೇ ತಪ್ಪಾ’ ಅಂತ ಹೆದರಬೇಡಿ. ಓದಿದವನು ಸರಿಯಾದ ಕೆಲಸಕ್ಕೆ ಕಾಯುತ್ತಾನೆ. ಓದದವನ ಮನೆಯಲ್ಲಿ ಕಾಯುವಷ್ಟು ಅಕ್ಕಿ ಇರುವುದಿಲ್ಲ. ಸಿಕ್ಕಿದ್ದಕ್ಕೆ ಹೋಗುತ್ತಾನೆ, ಲೆಕ್ಕದಲ್ಲಿ ಉದ್ಯೋಗಿ ಆಗುತ್ತಾನೆ. ಹಾಗಾಗಿ ನಿಮ್ಮ ಆತಂಕದಲ್ಲಿ ದೊಡ್ಡ ಪಾಲು ಕಾಯುವುದರದ್ದು. ಕಾಯುವಾಗ ಖರ್ಚಿಗೆ ಯಾರನ್ನು ಕೇಳಬೇಕು ಅನ್ನುವುದರದ್ದು.

ನನಗೂ ಅದು ಗೊತ್ತು. 1982ರಲ್ಲಿ ಡಿಗ್ರಿ ಮುಗಿಯಿತು, 1985ರಲ್ಲಿ ಬ್ಯಾಂಕ್ ಸೇರಿದೆ. ನಡುವೆ ಮೂರು ವರ್ಷ ‘ಮನೇಲಿದ್ದೆ.’ ಗದ್ದೆ ಕೆಲಸ, ಕೊಟ್ಟಿಗೆ ಕೆಲಸ ಎಲ್ಲ ಮಾಡುತ್ತಿದ್ದೆ. ಒಂದು ಸಲ ಪರೀಕ್ಷೆ ಅರ್ಜಿಗೆ ಪೋಸ್ಟಲ್ ಆರ್ಡರ್ ತೆಗೆಯಬೇಕಿತ್ತು. ಹಿಂದಿನ ಎರಡು ಪರೀಕ್ಷೆ ಕೈಕೊಟ್ಟಿದ್ದವು. ಮತ್ತೆ ದುಡ್ಡು ಕೇಳುವ ಮುಖ ಇರಲಿಲ್ಲ. ಗೂಟಕ್ಕೆ ನೇತುಹಾಕಿದ್ದ ಅಪ್ಪಯ್ಯನ ಅಂಗಿ ಜೇಬಿನಿಂದ ಇಪ್ಪತ್ತು ರೂಪಾಯಿ ತೆಗೆದೆ. ಅವರಿಗೆ ಗೊತ್ತಾಯಿತು, ಆದರೆ ಒಂದು ಮಾತೂ ಕೇಳಲಿಲ್ಲ. ಆಮೇಲೆ ಅಂಗಿಯನ್ನು ಕೋಣೆಯೊಳಗೆ ನೇತುಹಾಕತೊಡಗಿದರು. ಅಷ್ಟೇ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಕೆಲಸ ಅಂದರೆ ತಿಂಗಳ ಸಂಬಳ ಅನ್ನುವ ಲೆಕ್ಕ ನಮ್ಮ ಜಿಲ್ಲೆಯಲ್ಲಿ ಹೇಗೆ ಬೇರೂರಿತು ಅಂತ ನೋಡಬೇಕಾದರೆ ಭದ್ರಾವತಿಗೆ ಹೋಗಬೇಕು. ಅಲ್ಲಿಂದ ದಿನಾ ಬಂದುಹೋಗುವವರು ಇಲ್ಲಿ ಇದ್ದೀರಿ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿತು. 1936ರಲ್ಲಿ ಕಾಗದ ಕಾರ್ಖಾನೆಯ ಕಂಪನಿ ಹುಟ್ಟಿತು. ಒಳಗೆ ಸೇರಿದರೆ ಕ್ವಾರ್ಟರ್ಸ್, ಆಸ್ಪತ್ರೆ, ಪಿಎಫ್. ಎರಡು ಮೂರು ತಲೆಮಾರು ಅದನ್ನು ನೋಡಿಕೊಂಡು ಬೆಳೆದವು. ಈಗ ಆ ಕಾಗದ ಕಾರ್ಖಾನೆ, ಎಂಪಿಎಂ, ನಿಂತು ಹೋಗಿದೆ. ಕಬ್ಬಿಣದ ಕಾರ್ಖಾನೆ ವಿಐಎಸ್‌ಎಲ್ ಮುಚ್ಚುವ ಮಾತು 2023ರ ಜನವರಿಯಲ್ಲಿ ಬಂದಾಗ ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು. ಕಾರ್ಖಾನೆಯ ಕಾಲ ಮುಗಿದರೂ ಅದು ಕಲಿಸಿದ ಅರ್ಥ ಮನೆಗಳಲ್ಲಿ ಹಾಗೇ ಉಳಿದಿದೆ.

ಆ ಅರ್ಥವನ್ನು ಇವತ್ತಿಗೂ ಹಿಡಿದಿಟ್ಟಿರುವುದು ಸರ್ಕಾರಿ ನೌಕರಿ. ಅದಕ್ಕೆ ಓದುವುದು ತಪ್ಪಲ್ಲ. ಆದರೆ ಅಲ್ಲಿ ಕಾಲ ನಿಮ್ಮ ಕೈಯಲ್ಲಿರುವುದಿಲ್ಲ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ 2021ರ ಅಕ್ಟೋಬರಿನಲ್ಲಿ ನಡೆಯಿತು. ಅಕ್ರಮ ಹೊರಬಿತ್ತು, ರದ್ದಾಯಿತು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. 2024ರ ಆಗಸ್ಟಿನಲ್ಲಿ ಕೆಪಿಎಸ್‌ಸಿ 384 ಹುದ್ದೆಗಳಿಗೆ ಪ್ರಿಲಿಮ್ಸ್ ಮಾಡಿತು. ಕನ್ನಡ ಅನುವಾದ ಎಷ್ಟು ಕೆಟ್ಟದಾಗಿತ್ತೆಂದರೆ ಡಿಸೆಂಬರಿನಲ್ಲಿ ಮತ್ತೆ ಬರೆಸಬೇಕಾಯಿತು. ಪರೀಕ್ಷೆ ಬರೆದವರು ತಪ್ಪು ಮಾಡಿರಲಿಲ್ಲ. ವಯಸ್ಸು ಹೋಗಿದ್ದು ಮಾತ್ರ ಅವರದ್ದು. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡು ಓದುವವರ ಮನೆಯವರು ಊರಲ್ಲಿ ‘ಕೋಚಿಂಗ್‌ಗೆ ಹೋಗಿದಾನೆ’ ಅನ್ನುತ್ತಾರೆ. ಅದಕ್ಕೆ ಸ್ವಲ್ಪ ಮರ್ಯಾದೆ ಇದೆ. ಎರಡು ವರ್ಷ ಕಳೆದು ವಾಪಸ್ ಬಂದರೆ ಮತ್ತೆ ‘ಮನೇಲಿದಾನೆ.’

ಹುಡುಗಿಯರ ವಿಷಯದಲ್ಲಿ ಈ ಮಾತಿನ ಅರ್ಥವೇ ಬೇರೆ. ‘ಮನೇಲಿದಾಳೆ’ ಅಂದರೆ ಗಂಡು ನೋಡುತ್ತಿದ್ದೇವೆ ಅಂತ. ಅದೇ ಹೆಣ್ಣಿನ ಕಡೆಯವರು ತೋಟ ನೋಡಿಕೊಂಡು ಮನೇಲಿರುವ ಹುಡುಗನನ್ನು ಬೇಡ ಅನ್ನುತ್ತಾರೆ, ಬೆಂಗಳೂರಿನ ಹುಡುಗನೇ ಆಗಬೇಕು. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಮೂವತ್ತೈದು ದಾಟಿದ ಗಂಡುಮಕ್ಕಳಿದ್ದಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಸರಿ, ಬೆಂಗಳೂರಿಗೆ ಹೋಗೋಣ. ಭಾನುವಾರ ರಾತ್ರಿ ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ನಿಮ್ಮ ವಯಸ್ಸಿನವರೇ ಕಾಣುತ್ತಾರೆ, ಬೆನ್ನಿಗೊಂದು ಬ್ಯಾಗು, ಕೈಯಲ್ಲಿ ಅಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿ ಡಬ್ಬ. ಅವರನ್ನು ಎಲ್ಲರೂ ಗೆದ್ದವರು ಅಂದುಕೊಳ್ಳುತ್ತಾರೆ. ‘ಮೂರು ಲಕ್ಷದ ಪ್ಯಾಕೇಜು’ ಅಂತ ಊರಿಗೆಲ್ಲ ಹೇಳಿಯಾಗಿರುತ್ತದೆ. ಮೂರು ಲಕ್ಷ ಅಂದರೆ ತಿಂಗಳಿಗೆ 25 ಸಾವಿರ. ಮೂಲ ವೇತನ 15 ಸಾವಿರ ಅಂತಿಟ್ಟುಕೊಂಡರೆ ಅದರ ಶೇ 12, ಅಂದರೆ 1,800 ರೂಪಾಯಿ, ನಿಮ್ಮ ಪಿಎಫ್ ಪಾಲು. ಕಂಪನಿಯ ಪಾಲೂ ಅಷ್ಟೇ. ಆದರೆ ಅದನ್ನೂ ಸಾಮಾನ್ಯವಾಗಿ ಆ ಮೂರು ಲಕ್ಷದೊಳಗೇ ಸೇರಿಸಿರುತ್ತಾರೆ. ಇಷ್ಟಕ್ಕೇ 21,400ಕ್ಕೆ ಇಳಿಯಿತು. ಇನ್ಶೂರೆನ್ಸ್, ಗ್ರಾಚ್ಯುಟಿ ಅಂತ ಇನ್ನಷ್ಟು ಕಳೆಯುತ್ತದೆ. ಪಿಜಿ, ಊಟ, ಓಡಾಟ ಕಳೆದರೆ ಏನು ಉಳಿಯುತ್ತದೆ? ಎಷ್ಟೋ ಮಕ್ಕಳಿಗೆ ತಿಂಗಳ ಕೊನೆಗೆ ಊರಿಂದಲೇ ದುಡ್ಡು ಹೋಗುತ್ತದೆ. ಆ ವಿಷಯ ಅಮ್ಮನಿಗೆ ಮಾತ್ರ ಗೊತ್ತಿರುತ್ತದೆ. ನನ್ನ ಟೇಬಲ್ಲಿಗೂ ಗೊತ್ತಾಗುತ್ತಿತ್ತು, ಯಾಕೆಂದರೆ ದುಡ್ಡು ಕಳಿಸೋಕೆ ಬರುತ್ತಿದ್ದವರು ಅಮ್ಮಂದಿರೇ.

ಇದರ ಮೇಲೆ ಓದಿನ ಸಾಲ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಬರೆದುಕೊಳ್ಳಿ. ಓದು ಮುಗಿದು ಸಾಮಾನ್ಯವಾಗಿ ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ನಾಲ್ಕು ವರ್ಷದ ಕೋರ್ಸು, ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ಲಕ್ಷ ಸಾಲ, ಬಡ್ಡಿ ಶೇ 10 ಅಂತ ಹಿಡಿಯಿರಿ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಆಮೇಲೆ ಮೂರು, ಎರಡು. ಸರಳ ಬಡ್ಡಿಯಲ್ಲೇ 1 ಲಕ್ಷ 40 ಸಾವಿರ. ಕಂತು ಶುರುವಾಗುವ ದಿನ ಸಾಲ 5 ಲಕ್ಷ 40 ಸಾವಿರ ಆಗಿರುತ್ತದೆ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 7,100 ರೂಪಾಯಿ. ಈಗ ಆ 21 ಸಾವಿರದಲ್ಲಿ ಇದನ್ನು ಕಳೆಯಿರಿ. ಕೈಯಲ್ಲಾದರೆ ಓದುವಾಗಲೇ ಬಡ್ಡಿಯಷ್ಟನ್ನಾದರೂ ಕಟ್ಟುತ್ತ ಹೋಗಿ, ಭಾರ ತುಂಬಾ ಇಳಿಯುತ್ತದೆ. ಕಂತು ತಪ್ಪುವ ಹಾಗಾದರೆ ಮೊದಲೇ ಶಾಖೆಗೆ ಹೋಗಿ ಹೇಳಿ. ನೋಟಿಸು ಬಂದ ಮೇಲೆ ಬಂದವರಿಗಿಂತ ಮೊದಲೇ ಬಂದವರಿಗೆ ನಾವು ಜಾಸ್ತಿ ಸಹಾಯ ಮಾಡಲು ಆಗುತ್ತಿತ್ತು.

ಯುವನಿಧಿಯ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಅದು ಶುರುವಾಗಿದ್ದೇ ನಮ್ಮ ಊರಲ್ಲಿ, 2024ರ ಜನವರಿ 12ರಂದು, ಫ್ರೀಡಂ ಪಾರ್ಕಿನಲ್ಲಿ. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಮುಂದೆ ಓದುತ್ತಿರುವವರಿಗೆ ಇಲ್ಲ. ಇದರಿಂದ ಹುಡುಗರು ಸೋಮಾರಿ ಆಗುತ್ತಾರೆ ಅನ್ನುವವರಿದ್ದಾರೆ. ಮೂರು ಸಾವಿರಕ್ಕೆ ಸೋಮಾರಿ ಆಗೋದು ಹೇಗೆ ಅಂತ ನನಗಂತೂ ತಿಳಿಯಲಿಲ್ಲ. ನನಗೆ ಕಾಣುವುದು ಇನ್ನೊಂದು. ಎಷ್ಟೋ ಮಕ್ಕಳಿಗೆ ಅಪ್ಪಯ್ಯನ ಕೈ ದಾಟದೆ ತಮ್ಮದೇ ಖಾತೆಗೆ ಬಂದ ಮೊದಲ ದುಡ್ಡು ಅದು. ನನ್ನ ಇಪ್ಪತ್ತು ರೂಪಾಯಿಯ ಕಾಲದಲ್ಲಿ ಅಂಥದ್ದೊಂದು ಇದ್ದಿದ್ದರೆ ಅಂಗಿ ಗೂಟದಲ್ಲೇ ಇರುತ್ತಿತ್ತು.

ಹುಡುಗಿಯರಿಗೆ ಒಂದು ಮಾತು. ಖಾತೆ ನಿಮ್ಮ ಹೆಸರಲ್ಲಿ, ಎಟಿಎಂ ಕಾರ್ಡು ಅಣ್ಣನ ಜೇಬಲ್ಲಿ, ಮೆಸೇಜು ಅಪ್ಪನ ಮೊಬೈಲಿಗೆ. ಇದನ್ನು ನಾನು ನೂರಾರು ಸಲ ನೋಡಿದ್ದೇನೆ. ಅದು ನಿಮ್ಮ ಖಾತೆ ಅಲ್ಲ. ನಾಳೆಯೇ ಶಾಖೆಗೆ ಹೋಗಿ ಮೊಬೈಲ್ ನಂಬರ್ ಬದಲಿಸಿಕೊಳ್ಳಿ. ಜಗಳ ಆಗುತ್ತದೆ, ಆಗಲಿ.

ಮತ್ತೆ ಆ ಹುಡುಗನ ಕಥೆಗೆ ಬರುತ್ತೇನೆ. ತೋಟದ ಪಹಣಿ ಕೊಡಬೇಕಾಗುತ್ತದೆ ಅಂತ ಅಪ್ಪ ಕಾಗದದ ಕಟ್ಟು ತಂದಿದ್ದರು. ಸಣ್ಣ ಉದ್ಯಮಕ್ಕೆ ಸಾಲ ಕೊಡುವ ಮುದ್ರಾ ಯೋಜನೆ 2015ರಲ್ಲೇ ಬಂದಿತ್ತು, ಅದರಲ್ಲಿ ಜಮೀನು ಅಡ ಇಡಬೇಕಿಲ್ಲ. “ಸಾಲ ಇವನ ಹೆಸರಲ್ಲೇ ಆಗುತ್ತೆ. ಸುಲಿದ ಕೂಲಿ ಇವನ ಖಾತೆಗೇ ಬರಲಿ” ಅಂದೆ. ಅಪ್ಪನ ಮುಖ ಸಣ್ಣದಾಯಿತು.

“ನಮ್ಮ ಅಡಿಕೆ ಸುಲಿದ್ರೂ ಕೂಲಿನಾ ಸರ್?”

“ಬೇರೆಯವರಿಗೆ ಕೊಡಲ್ವಾ?”

“ಮನೆ ಒಳಗೆ ಎಂಥ ಲೆಕ್ಕ ಮಾರಾಯ್ರೆ?”

ನಾನು ಅವತ್ತು ಉತ್ತರ ಕೊಡಲಿಲ್ಲ. ಇವತ್ತು ನಿಮ್ಮ ಮುಂದೆ ಕೊಡುತ್ತೇನೆ. ಮನೆಯೊಳಗೆ ಲೆಕ್ಕ ಇಲ್ಲ ಅನ್ನುವುದು ಸುಳ್ಳು. ಲೆಕ್ಕ ಇದೆ, ಅಡಿಕೆ ಮಾರುವ ಮಂಡಿಯ ಖಾತೆ ಯಾರ ಹೆಸರಲ್ಲಿದೆಯೋ ಅವರಿಗೆ ಮಾತ್ರ ಗೊತ್ತಿದೆ. ವರ್ಷಕ್ಕೊಮ್ಮೆ ಅಡಿಕೆ ಮಂಡಿಗೆ ಹೋಗುತ್ತದೆ. ಕ್ವಿಂಟಾಲಿಗೆ 50 ಸಾವಿರ ದಾಟಿದ ದಿನಗಳೂ ಉಂಟು. ಅದರಲ್ಲಿ ಮಗ ದುಡಿದಿದ್ದು ಎಷ್ಟು, ಹಳೆ ಸಾಲಕ್ಕೆ ಹೋಗಿದ್ದು ಎಷ್ಟು, ತಂಗಿ ಮದುವೆಗೆ ಎತ್ತಿಟ್ಟಿದ್ದು ಎಷ್ಟು ಅಂತ ಕೂತು ಮಾತಾಡುವ ಮನೆಗಳು ಕಮ್ಮಿ. ಮಗ ಕೇಳಿದರೆ ‘ಪಾಲು ಕೇಳ್ತಿದಾನೆ’ ಅಂದುಕೊಳ್ಳುತ್ತಾರೆ. ಅದಕ್ಕೇ ಹೇಳುತ್ತೇನೆ, ಪಾಲು ಕೇಳಬೇಡಿ, ಸಂಬಳ ಕೇಳಿ. ಹೊರಗಿನ ಆಳಿಗೆ ಕೊಡುವ ಕೂಲಿಯ ಅರ್ಧ ಆದರೂ ಸರಿ, ತಿಂಗಳು ತಿಂಗಳು ಖಾತೆಗೆ ಬರಬೇಕು. ಬೆಂಗಳೂರಿನವರು ಉಲ್ಟಾ ಮಾಡಿ: ನಿಮ್ಮ ಸಂಬಳದ ಚೀಟಿಯನ್ನು ಊಟದ ಹೊತ್ತಲ್ಲಿ ಅಪ್ಪಯ್ಯನ ಮುಂದೆ ಇಡಿ. ಅವರಿಗೂ ಪ್ಯಾಕೇಜಿನ ಒಳಗಿರುವುದು ಏನು ಅಂತ ಗೊತ್ತಾಗಲಿ.

ಆ ಹುಡುಗ ಸುತ್ತಲಿನ ಆರೇಳು ಮನೆಯ ಅಡಿಕೆ ಸುಲಿದ. ಎರಡನೇ ವರ್ಷ ಯಂತ್ರದ ಮೋಟಾರು ಸುಟ್ಟು ಮೂರು ಕಂತು ತಪ್ಪಿಸಿದ, ನಾನು ಫೋನಿನಲ್ಲಿ ಬೈದೂ ಇದ್ದೆ. ಅಪ್ಪನ ಅಡಿಕೆಯನ್ನು ಮಾತ್ರ ಕೊನೆವರೆಗೂ ಬಿಟ್ಟಿಯಾಗೇ ಸುಲಿದ. ಅಲ್ಲಿ ನನ್ನ ಮಾತು ನಡೆಯಲಿಲ್ಲ. ಸಾಲ ತೀರಿದ ದಿನ ಅಪ್ಪನೂ ಜೊತೆಗೆ ಬಂದಿದ್ದರು. ಪಕ್ಕದ ಕುರ್ಚಿಯಲ್ಲಿದ್ದ ಪರಿಚಯದವರೊಬ್ಬರು ಅವರನ್ನು ಕೇಳಿದರು, “ಮಗ ಈಗ ಎಲ್ಲಿದಾನೆ?”

“ಮನೇಲಿದಾನೆ” ಅಂದರು ಅಪ್ಪ. ಮಗನ ಕಡೆ ಒಮ್ಮೆ ನೋಡಿ, “ಒಂದು ಮಿಷಿನ್ ಇಟ್ಕಂಡಿದಾನೆ” ಅಂತ ಸೇರಿಸಿದರು.

ಇಷ್ಟು ಸಾಕು. ಸಾಗರ, ಹೊಸನಗರದ ಬಸ್ಸು ಹಿಡಿಯುವವರು ಎದ್ದು ಹೋಗಿ, ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಓದಿನ ಸಾಲ ಇರುವವರು ಮುಂದಿನ ಬೆಂಚಿಗೆ ಬನ್ನಿ, ಕ್ಯಾಲ್ಕುಲೇಟರ್ ತಂದಿದ್ದೇನೆ.