ಕ್ಯಾಲಿಫೋರ್ನಿಯಾಕ್ಕೆ ಹೊರಟ ಅಜ್ಜಿ-ತಾತಂದಿರಿಗೆ ಕಾರ್ ಸೀಟಿನ ಪಾಠ

ಕೇಳುಗರಿಗೆ ನಮಸ್ಕಾರ.

ಮೊಮ್ಮಗುವನ್ನು ನೋಡಲು ಕ್ಯಾಲಿಫೋರ್ನಿಯಾಕ್ಕೆ ಹೊರಟವರ ಪೆಟ್ಟಿಗೆಯಲ್ಲಿ ಚಟ್ನಿಪುಡಿ ಇರಲಿ, ಕುಲಾವಿ ಇರಲಿ. ಇಲ್ಲಿ ಕೊಂಡ ಕಾರ್ ಸೀಟು, ಅಂದರೆ ಕಾರಿನಲ್ಲಿ ಮಗುವನ್ನು ಕಟ್ಟಿ ಕೂರಿಸುವ ಸೀಟು, ಮಾತ್ರ ಬೇಡ. ಅಮೆರಿಕದ ಫೆಡರಲ್ ಸುರಕ್ಷತಾ ಮಾನದಂಡಕ್ಕೆ ಒಪ್ಪುತ್ತದೆ ಎಂಬ ಚೀಟಿ ಸೀಟಿನ ಮೇಲೆ ಅಂಟಿರಬೇಕು. ಅದಿಲ್ಲದ್ದು ಎಷ್ಟೇ ದುಬಾರಿಯದಾದರೂ ಅಲ್ಲಿ ನಡೆಯದು.

ಅಲ್ಲಿ ರಾಜ್ಯಕ್ಕೊಂದು ಕಾಯಿದೆ. ಕ್ಯಾಲಿಫೋರ್ನಿಯಾದ ಪ್ರಕಾರ, ಎರಡು ವರ್ಷ ತುಂಬದ ಮಗು ಹಿಂದಿನ ಗಾಜಿನ ಕಡೆ ಮುಖ ಮಾಡಿಯೇ ಕೂರಬೇಕು. ತೂಕ 40 ಪೌಂಡ್, ಅಂದರೆ ಸುಮಾರು 18 ಕಿಲೋ, ಇಲ್ಲವೇ ಎತ್ತರ 40 ಅಂಗುಲ ಮುಟ್ಟಿದ್ದರೆ ವಿನಾಯಿತಿ. ಆ ವಯಸ್ಸಿಗೆ ಅಷ್ಟು ಬೆಳೆಯುವ ಮಕ್ಕಳು ಅಪರೂಪ. 8 ವರ್ಷ ತುಂಬುವವರೆಗೆ ಹಿಂದಿನ ಸಾಲಿನಲ್ಲಿ ಕಾರ್ ಸೀಟು ಅಥವಾ ಬೂಸ್ಟರ್, ಅಂದರೆ ಕಾರಿನ ಬೆಲ್ಟು ಸರಿಯಾಗಿ ಕೂರುವಂತೆ ಮಗುವನ್ನು ಎತ್ತರಿಸುವ ಸೀಟು, ಬೇಕು. ಅದರೊಳಗೆ 4 ಅಡಿ 9 ಅಂಗುಲ ಬೆಳೆದರೆ ಕಾರಿನ ಬೆಲ್ಟು ಸಾಕು.

ಹಿಂದಕ್ಕೆ ಮುಖ ಏಕೆ? ಕೂಸಿನ ತಲೆ ಭಾರ, ಕುತ್ತಿಗೆ ಎಳಸು. ಎದುರಿನಿಂದ ಡಿಕ್ಕಿಯಾದಾಗ ಪೆಟ್ಟು ಕುತ್ತಿಗೆಯೊಂದಕ್ಕೇ ಬೀಳದೆ ಬೆನ್ನಿಗೆಲ್ಲ ಹರಡುತ್ತದೆ. ‘ಪಾಪ, ಕಾಲು ಮಡಚಿಕೊಂಡಿದೆ’ ಎಂದು ಸೀಟು ತಿರುಗಿಸಬೇಡಿ. ಚಕ್ಕಳಮಕ್ಕಳ ಕೂರುವುದು ಮಕ್ಕಳಿಗೆ ಕಷ್ಟವೇ ಅಲ್ಲ. ಅತ್ತರೆ ಮಡಿಲಿಗೆ ಎತ್ತಿಕೊಳ್ಳುವುದೂ ಬೇಡ. ಗಾಡಿ ನಿಲ್ಲಿಸಿ ಸಮಾಧಾನ ಮಾಡಿ.

ಈ ಕಾಯಿದೆ ಮುರಿದರೆ ದಂಡ ಉಂಟು. ತಾತ ಕಾರು ಓಡಿಸುತ್ತಿದ್ದರೂ, ಮಗುವಿನ ಅಪ್ಪನೋ ಅಮ್ಮನೋ ಜೊತೆಗಿದ್ದರೆ ದಂಡ ಅವರಿಗೆ. ಇಲ್ಲದಿದ್ದರೆ ತಾತನಿಗೇ. ಮೂಲ ದಂಡ ಮೊದಲ ಸಲ 100 ಡಾಲರ್, ಆಮೇಲೆ 250; ಕೋರ್ಟಿನ ಇತರ ಶುಲ್ಕ ಸೇರಿದರೆ ಕಟ್ಟಬೇಕಾದದ್ದು ಹಲವು ಪಟ್ಟು.

ಇನ್ನು ಕಟ್ಟುವ ಕೆಲಸ. ಎಡವಟ್ಟಾಗುವುದೇ ಇಲ್ಲಿ. ಕಾರಿನ ಸೀಟಿನ ಸಂದಿಯಲ್ಲಿ ಕೈಯಾಡಿಸಿದರೆ ಎರಡು ಲೋಹದ ಕೊಂಡಿ ಸಿಗುತ್ತವೆ. ಮಗುವಿನ ಸೀಟನ್ನು ಅವಕ್ಕೆ ಸಿಕ್ಕಿಸಬಹುದು, ಇಲ್ಲವೇ ಕಾರಿನ ಬೆಲ್ಟಿನಿಂದ ಬಿಗಿಯಬಹುದು. ಕೈಪಿಡಿ ಒಪ್ಪದ ಹೊರತು ಎರಡನ್ನೂ ಒಟ್ಟಿಗೆ ಹಾಕುವಂತಿಲ್ಲ. ಮಗು, ಸೀಟು ಎರಡರ ತೂಕ ಸೇರಿ 65 ಪೌಂಡ್ ದಾಟಿದರೆ ಕೊಂಡಿ ಬಿಟ್ಟು ಬೆಲ್ಟಿಗೆ ಬನ್ನಿ. ಬಹಳಷ್ಟು ಕಾರುಗಳಲ್ಲಿ ಬೆಲ್ಟನ್ನು ಕೊನೆಯವರೆಗೂ ಎಳೆದು ಬಿಟ್ಟರೆ ಟಿಕ್ ಟಿಕ್ ಎನ್ನುತ್ತಾ ಒಳಸೇರುತ್ತದೆ; ಲಾಕ್ ಆದ ಗುರುತು ಅದು. ಮಂಡಿಯಿಂದ ಸೀಟನ್ನು ಒತ್ತಿ ಸಡಿಲವನ್ನೆಲ್ಲ ಎಳೆದುಕೊಳ್ಳಿ. ಆಮೇಲೆ ಬೆಲ್ಟು ಹಾದುಹೋಗುವ ಜಾಗದಲ್ಲೇ ಹಿಡಿದು ಅಲ್ಲಾಡಿಸಿ. ಒಂದು ಅಂಗುಲಕ್ಕಿಂತ ಹೆಚ್ಚು ಸರಿದರೆ ಬಿಚ್ಚಿ ಮತ್ತೆ ಕಟ್ಟಿ. ಮೇಲ್ತುದಿಯನ್ನು ಹಿಡಿದು ಅಲ್ಲಾಡಿಸಿದರೆ ಎಷ್ಟು ಬಿಗಿದರೂ ಅಲ್ಲಾಡೀತು.

ಮಗುವಿನ ಮೈಮೇಲಿನ ಪಟ್ಟಿಯನ್ನು ಭುಜದ ಬಳಿ ಚಿವುಟಿ ನೋಡಿ. ಬೆರಳಿಗೆ ಮಡಿಕೆ ಸಿಕ್ಕಿದರೆ ಇನ್ನೂ ಸಡಿಲ. ಎದೆಯ ಕ್ಲಿಪ್ಪು ಹೊಟ್ಟೆಗೆ ಜಾರಿರಬಾರದು, ಕಂಕುಳ ಮಟ್ಟಕ್ಕಿರಲಿ. ಚಳಿಗಾಲದಲ್ಲಿ ಟಾಹೋ ಸರೋವರದ ಕಡೆ ಹೊರಟರೆ ದಪ್ಪ ಜಾಕೆಟ್ ಕಳಚಿ ಪಟ್ಟಿ ಬಿಗಿದು, ಮೇಲೆ ಹೊದಿಸಿ. ಜಾಕೆಟ್ಟಿನ ಉಬ್ಬು ಡಿಕ್ಕಿಯಲ್ಲಿ ಚಪ್ಪಟೆಯಾಗಿ ಪಟ್ಟಿ ಸಡಿಲಾಗುತ್ತದೆ.

ಅನುಮಾನವಿದ್ದರೆ ಕ್ಯಾಲಿಫೋರ್ನಿಯಾ ಹೈವೇ ಪ್ಯಾಟ್ರೋಲ್, ಅಂದರೆ ಅಲ್ಲಿನ ಹೆದ್ದಾರಿ ಪೊಲೀಸರ ಕಚೇರಿಗೆ ಮೊದಲೇ ಫೋನ್ ಮಾಡಿ ಹೋಗಿ. ತರಬೇತಾದವರು ಪುಕ್ಕಟೆಯಾಗಿ ಪರೀಕ್ಷಿಸಿ ಕೊಡುತ್ತಾರೆ. ಸೀಟಿನದು, ಕಾರಿನದು, ಎರಡೂ ಕೈಪಿಡಿ ಜೊತೆಗಿರಲಿ.